ಮೆಡಿಕಲ್ ಕೋಡಿಂಗ್: ಶುಲ್ಕ ಕಟ್ಟುವ ಮುನ್ನ ಅರ್ಹತೆ ಅರಿಯಿರಿ

ಪಿ.ಯು.ಸಿ. ಫಲಿತಾಂಶ ಹೊರಬಿದ್ದೊಡನೆ ನಮ್ಮ ಮನೆಗಳಲ್ಲಿ ಏಳುವ ಪ್ರಶ್ನೆ 'ಮುಂದೇನು?' ಎಂಬುದು. ನರ್ಸಿಂಗ್ ಹಾದಿ ನಮ್ಮ ಕುಟುಂಬಗಳಿಗೆ ಚಿರಪರಿಚಿತ. ಅದರೊಂದಿಗೆ ಈಗ ಮೆಡಿಕಲ್ ಕೋಡಿಂಗ್ ಮತ್ತು ಬಿಲ್ಲಿಂಗ್ ತರಬೇತಿಯ ಹೆಸರೂ ಕೇಳಿಬರುತ್ತಿದೆ. 'ಯಾರು ಬೇಕಾದರೂ ಸೇರಬಹುದು, ಕೆಲವೇ ತಿಂಗಳಲ್ಲಿ ಉದ್ಯೋಗ' ಎಂಬ ಮಾತನ್ನು ನಂಬಿ, ಸಾಲ ಮಾಡಿ ಶುಲ್ಕ ಕಟ್ಟುವ ಪಾಲಕರಿದ್ದಾರೆ. ಈ ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಅಪಾಯವಿರುವುದು ಉಳಿದರ್ಧದಲ್ಲಿ.

ವೈದ್ಯರು ಬರೆದಿಟ್ಟ ದಾಖಲೆಯನ್ನು ಓದಿ, ರೋಗಕ್ಕೂ ಚಿಕಿತ್ಸೆಗೂ ನಿಗದಿತ ಸಂಕೇತಗಳನ್ನು ನೀಡುವುದು ಕೋಡಿಂಗ್. ಅವುಗಳ ಆಧಾರದಲ್ಲಿ ವಿಮಾ ಕಂಪೆನಿಗೆ ಬಿಲ್ಲು ಕಳುಹಿಸಿ, ಹಣ ಬರುವ ತನಕ ವಿಚಾರಿಸುತ್ತಿರುವುದು ಬಿಲ್ಲಿಂಗ್. ಬೆಂಗಳೂರಿನಂತಹ ನಗರಗಳಲ್ಲಿ ಈ ಕೆಲಸ ನಡೆಯುವುದು ಬಹುಪಾಲು ಅಮೆರಿಕದ ಆಸ್ಪತ್ರೆಗಳಿಗಾಗಿ. ರೋಗಗಳನ್ನು ಗುರುತಿಸಲು ಅಲ್ಲಿ ೨೦೧೫ರ ಅಕ್ಟೋಬರ್‌ನಿಂದ ಬಳಕೆಯಲ್ಲಿರುವ ಐಸಿಡಿ-೧೦-ಸಿಎಂ ಪಟ್ಟಿಯಲ್ಲಿ ಸುಮಾರು ೭೦ ಸಾವಿರ ಸಂಕೇತಗಳಿವೆ. ಮೊದಲನೆಯ ಬಗೆಯ ಮಧುಮೇಹಕ್ಕೆ ಇ೧೦, ಎರಡನೆಯದಕ್ಕೆ ಇ೧೧. ಮೂಳೆ ಮುರಿದಿದ್ದರೆ ಎಡಗೈಯೋ ಬಲಗೈಯೋ ಎಂಬುದಕ್ಕೂ ಸಂಕೇತ ಬೇರೆಯಾಗುತ್ತದೆ.

ಇಂತಹ ಕೆಲಸ ಕಲಿಯಲು ಅಮೆರಿಕದ ಕಾಲೇಜುಗಳು ಸಾಮಾನ್ಯವಾಗಿ ಕೇಳುವುದು ಹೈಸ್ಕೂಲು ಮುಗಿಸಿದ ಪ್ರಮಾಣಪತ್ರವನ್ನು ಅಥವಾ ಅದಕ್ಕೆ ಸಮಾನವಾದ ಅರ್ಹತೆಯನ್ನು ಮಾತ್ರ. ಅಂಗರಚನೆ, ಶರೀರಕ್ರಿಯೆ, ವೈದ್ಯಕೀಯ ಪದಗಳು ಪಾಠದೊಳಗೇ ಸೇರಿರುತ್ತವೆ. ೧೯೮೮ರಲ್ಲಿ ಅಲ್ಲಿ ಸ್ಥಾಪನೆಯಾದ ಎಎಪಿಸಿ ಸಂಸ್ಥೆ ನಡೆಸುವ ಸಿಪಿಸಿ ಪರೀಕ್ಷೆಗೂ ಪದವಿ ಕಡ್ಡಾಯವಲ್ಲ. ಆದರೆ ೪ ಗಂಟೆಗಳಲ್ಲಿ ೧೦೦ ಪ್ರಶ್ನೆಗಳಿಗೆ ಉತ್ತರಿಸಿ ಶೇ. ೭೦ ಅಂಕ ಗಳಿಸಬೇಕು. ಸಂಕೇತ ಪುಸ್ತಕಗಳನ್ನು ಎದುರಿಗಿಟ್ಟುಕೊಂಡೇ ಬರೆಯಬಹುದಾದರೂ, ಪ್ರಶ್ನೆಯೊಂದಕ್ಕೆ ಎರಡೂವರೆ ನಿಮಿಷವೂ ದೊರೆಯದು. ಉತ್ತೀರ್ಣರಾದ ಮೇಲೂ ಅನುಭವವಿಲ್ಲದವರಿಗೆ 'ಅಪ್ರೆಂಟಿಸ್' ಎಂಬ ಗುರುತು ಅಂಟಿಕೊಂಡಿರುತ್ತದೆ.

ಇನ್ನು ನಮ್ಮಲ್ಲಿ ಉದ್ಯೋಗ ನೀಡುವ ಕಂಪೆನಿಗಳು ಕೋಡಿಂಗ್‌ಗೆ ಹೆಚ್ಚಾಗಿ ಬಯಸುವುದು ಜೀವವಿಜ್ಞಾನ, ಫಾರ್ಮಸಿ, ನರ್ಸಿಂಗ್, ಫಿಸಿಯೋಥೆರಪಿ ಪದವೀಧರರನ್ನು. ತರಗತಿಯ ಬಾಗಿಲು ಅಗಲವಾಗಿದೆ, ಉದ್ಯೋಗದ ಬಾಗಿಲು ಕಿರಿದಾಗಿದೆ. ಈ ಅಂತರವನ್ನು ಸೇರುವ ದಿನವೇ ವಿದ್ಯಾರ್ಥಿಗೆ ತಿಳಿಸದಿರುವುದು ಅನ್ಯಾಯ. ವಾಣಿಜ್ಯ ಓದಿದವರಿಗೆ ಬಿಲ್ಲಿಂಗ್ ವಿಭಾಗ ಒಗ್ಗಬಹುದು. ಆದರೆ ವಿಮಾ ಕಂಪೆನಿಗಳಿಗೆ ದೂರವಾಣಿ ಮಾಡುವ ಕೆಲಸವಾದರೆ ಅಮೆರಿಕದ ಹಗಲೆಂದರೆ ನಮ್ಮ ರಾತ್ರಿ ಎಂಬುದನ್ನು ಮೊದಲೇ ಅರಿತಿರಬೇಕು.

ಆದುದರಿಂದ ತರಬೇತಿ ಸಂಸ್ಥೆಗಳು ಶುಲ್ಕ ಪಡೆಯುವ ಮುನ್ನ ಅಭ್ಯರ್ಥಿಗೆ ಇಂಗ್ಲಿಷಿನ ಒಂದು ಪುಟ ವೈದ್ಯಕೀಯ ದಾಖಲೆಯನ್ನು ಓದಲು ಕೊಡಲಿ. ಅದನ್ನು ತಾಳ್ಮೆಯಿಂದ ಓದಿ ಅರ್ಥೈಸಲು ಯತ್ನಿಸುವವರನ್ನು ಸೇರಿಸಿಕೊಳ್ಳಲಿ. ಉಳಿದವರಿಗೆ ಬೇರೆ ದಾರಿ ತೋರಿಸಲಿ. ಪಾಲಕರೂ ಸಂಕೋಚ ಬಿಟ್ಟು ಕೇಳಬೇಕು: ಪ್ರಮಾಣಪತ್ರ ನೀಡುವವರು ಯಾರು? ಸಿಪಿಸಿ ಪರೀಕ್ಷೆಯ ಶುಲ್ಕ ಇದರಲ್ಲಿ ಸೇರಿದೆಯೇ? ನಮ್ಮ ಮಗಳಷ್ಟೇ ಓದಿರುವ ಎಷ್ಟು ಮಂದಿಗೆ ಕಳೆದ ವರ್ಷ ಕೆಲಸ ದೊರೆತಿದೆ? ಬರಹದಲ್ಲಿ ಉತ್ತರ ಸಿಗದಿದ್ದರೆ ಹಣ ಕೈಬಿಡದಿರುವುದೇ ಲೇಸು.

ಯಾವ ಅರ್ಜಿಯಲ್ಲೂ ನಮೂದಾಗದ ಅರ್ಹತೆಯೊಂದಿದೆ, ಅದು ಪ್ರಾಮಾಣಿಕತೆ. ನೀಡದ ಚಿಕಿತ್ಸೆಗೆ ಸಂಕೇತ ಹಾಕಿ ಸರಕಾರಿ ವಿಮೆಯಿಂದ ತಿಳಿದೂ ಹಣ ಕೇಳಿದರೆ, ಅಮೆರಿಕದಲ್ಲಿ ೧೮೬೩ರಿಂದಲೂ ಇರುವ ಕಾಯಿದೆ ಅದನ್ನು ವಂಚನೆಯೆಂದೇ ಪರಿಗಣಿಸುತ್ತದೆ. ರೋಗಿಯ ಗೋಪ್ಯತೆಯನ್ನು ೧೯೯೬ರ ಹಿಪಾ ಕಾಯಿದೆ ಕಾಯುತ್ತದೆ. ಕಂಡರಿಯದ ರೋಗಿಯೊಬ್ಬರ ನೋವಿನ ಕಥೆ ನಮ್ಮ ಮಕ್ಕಳ ಮೇಜಿನ ಮೇಲೆ ತೆರೆದಿರುತ್ತದೆ. ಅದನ್ನು ಸರಿಯಾಗಿ ಓದಬಲ್ಲ, ಗುಟ್ಟಾಗಿಡಬಲ್ಲ ಮಕ್ಕಳಿಗೆ ಇದು ಗೌರವದ ದುಡಿಮೆ. ಮಕ್ಕಳ ಒಲವನ್ನೂ ಓದನ್ನೂ ತೂಗಿ ನೋಡಿದ ಬಳಿಕವೇ ಪಾಲಕರು ಶುಲ್ಕದ ಮಾತಿಗೆ ಬರಲಿ.