ಎಳೆ ಕುದುರೆಗೆ ಊರು ತೋರಿಸೋ ಕೆಲಸ

ದಸರಾಕ್ಕೆ ಮುಂಚೆ ಮೈಸೂರಲ್ಲಿ ಇದ್ದವರಿಗೆ ಇದು ಗೊತ್ತಿರುತ್ತೆ. ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸ್ತಾರಲ್ಲ, ಆ ಸದ್ದಿಗೆ ಆನೆ ಕುದುರೆಗಳು ಬೆದರಿ ಜನರ ಮೇಲೆ ನುಗ್ಗಬಾರದು ಅಂತ ಮೊದಲೇ ಅವನ್ನೆಲ್ಲ ಸಾಲಾಗಿ ನಿಲ್ಲಿಸಿ, ಫಿರಂಗಿ ಸಿಡಿಸಿ ತಾಲೀಮು ಕೊಡ್ತಾರೆ. ಹೊಸದಾಗಿ ಬಂದದ್ದು ಮೊದಲ ಸದ್ದಿಗೇ ಹೌಹಾರುತ್ತೆ. ನಾಲ್ಕಾರು ದಸರಾ ಕಂಡದ್ದು ಕಿವಿ ಆಡಿಸಿ ಸುಮ್ಮನಾಗುತ್ತೆ. ಎಳೆಯದಕ್ಕೆ ಅರ್ಧ ಧೈರ್ಯ ಬರೋದು ಪಕ್ಕದಲ್ಲಿರೋ ಹಳೆಯದನ್ನ ನೋಡಿ.

ಇಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೂ ಅದನ್ನೇ ಮಾಡ್ತಾರೆ, ಆದ್ರೆ ಡಾಲರ್ ಎಣಿಸಿ. ಮಗಳ ದೆಸೆಯಿಂದ ಎರಡು ವರ್ಷದಿಂದ ನಮ್ಮ ಶನಿವಾರಗಳೆಲ್ಲ ಸ್ಯಾನ್ ಡಿಯಾಗೋದ ಒಂದು ಲಾಯದಲ್ಲೇ ಕಳೀತಿವೆ. ವಾರವಿಡೀ ಸಾಫ್ಟ್‌ವೇರ್ ಬರೆಯೋನಿಗೆ ವಾರದ ಕೊನೆಗೆ ಲದ್ದಿ ಬಾಚೋ ಯೋಗ!

ಆರು ತಿಂಗಳ ಹಿಂದೆ ಆ ಲಾಯಕ್ಕೆ ರೇಸಿನಿಂದ ಬಿಟ್ಟ ನಾಲ್ಕು ವರ್ಷದ ಕುದುರೆಯೊಂದು ಬಂತು. ಬಣ್ಣ ನೋಡಿ ಮಗಳು 'ಬೆಲ್ಲ' ಅಂತ ಹೆಸರಿಟ್ಟಳು. ಅಮೆರಿಕನ್ನರ ಬಾಯಲ್ಲಿ ಅದು 'ಬೆಲ್ಲಾ' ಆಗಿ, ಈಗ ಲಾಯದ ಅರ್ಧ ಜನ ಅದನ್ನ ಹೆಣ್ಣು ಕುದುರೆ ಅಂದ್ಕೊಂಡಿದ್ದಾರೆ. ಪಾಪ, ಗಂಡು ಅದು.

ಬೆಲ್ಲ ಅಲ್ಲೀವರೆಗೆ ಕಲಿತಿದ್ದು ಒಂದೇ ವಿದ್ಯೆ, ಎಡಕ್ಕೆ ತಿರುಗ್ತಾ ಜೋರಾಗಿ ಓಡೋದು. (ಅಮೆರಿಕದ ರೇಸುಗಳಲ್ಲಿ ಎಲ್ಲಾ ಎಡ ಸುತ್ತೇ.) ಲಗಾಮು ಬಿಗಿಯಾಗಿ ಹಿಡಿದರೆ ನಮ್ಮ ಲೆಕ್ಕದಲ್ಲಿ 'ನಿಧಾನ' ಅಂತ, ರೇಸ್ ಕುದುರೆ ಲೆಕ್ಕದಲ್ಲಿ 'ಇದಕ್ಕೆ ಒರಗಿ ಇನ್ನೂ ಓಡು' ಅಂತ. ಇಂಥದ್ದಕ್ಕೆ ಬಲಕ್ಕೆ ತಿರುಗೋದು, ಸುಮ್ಮನೆ ನಿಲ್ಲೋದು, ಒಂದು ಕಟ್ಟಿಗೆ ದಾಟೋದು, ಎಲ್ಲವನ್ನೂ ಅಆಇಈಯಿಂದ ಹೇಳಿಕೊಡ್ಬೇಕು.

ಅದಕ್ಕಿಂತ ಕಷ್ಟ ಲೋಕ ತೋರಿಸೋದು. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಸುತ್ತ ಹೆಚ್ಚುಕಮ್ಮಿ ಪೂರ್ತಿ ಕಾಣುತ್ತೆ, ಹಣೆಯ ನೇರ ಮುಂದೆ ಮತ್ತು ಬಾಲದ ಹಿಂದೆ ಮಾತ್ರ ಕಾಣಲ್ಲ. ಹುಲ್ಲುಗಾವಲಲ್ಲಿ ಬದುಕಿದ ಪ್ರಾಣಿ, ಗೊತ್ತಿಲ್ಲದ್ದು ಕಂಡರೆ ಮೊದಲು ಓಡು, ಆಮೇಲೆ ಯೋಚಿಸು ಅನ್ನೋದು ಅದರ ರಕ್ತದಲ್ಲೇ ಇದೆ. ಹೋಗುವಾಗ ಎಡಗಣ್ಣಿಗೆ ಕಂಡ ಕಸದ ಡಬ್ಬಿಗೆ ಬೆಲ್ಲ ಹೆದರಲ್ಲ. ವಾಪಸ್ ಬರುವಾಗ ಅದೇ ಡಬ್ಬಿ ಬಲಗಣ್ಣಿಗೆ ಬಿದ್ದರೆ ಹುಲಿ ಕಂಡ ಹಾಗೆ ಹಾರುತ್ತೆ! ಅದಕ್ಕೇ ಟ್ರೈನರಮ್ಮ ಕೊಡೆ, ನೀಲಿ ಟಾರ್ಪಾಲು, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಎರಡೂ ಕಡೆಯಿಂದ ತೋರಿಸ್ತಾರೆ. ಕುದುರೆ ತಲೆ ತಗ್ಗಿಸಿ ನಾಲಿಗೆ ಚಪ್ಪರಿಸಿದ ಕೂಡಲೇ ನಿಲ್ಲಿಸಿಬಿಡ್ತಾರೆ. ಹತ್ತೇ ನಿಮಿಷದಲ್ಲಿ ಆದ್ರೆ ಹತ್ತೇ ನಿಮಿಷಕ್ಕೆ ಪಾಠ ಮುಗೀತು.

ಆಮೇಲೆ ಸಮುದ್ರ. ಸ್ಯಾನ್ ಡಿಯಾಗೋದ ತೆಂಕಣ ತುದಿಯಲ್ಲಿ, ಮೆಕ್ಸಿಕೋ ಬೇಲಿಗೆ ತಾಗಿದ ಬಾರ್ಡರ್ ಫೀಲ್ಡ್ ಪಾರ್ಕಿನಲ್ಲಿ ದಂಡೆ ಮೇಲೆ ಕುದುರೆ ಸವಾರಿ ಮಾಡಬಹುದು. (ಟಿಹ್ವಾನಾ ನದಿ ಕೊಳಚೆ ಹೊತ್ತು ತಂದು ಸುರಿಯೋದ್ರಿಂದ ನೀರಿಗಿಳೀಬೇಡಿ ಅಂತ ಎಚ್ಚರಿಕೆ ಇರೋ ದಿನಗಳೇ ಜಾಸ್ತಿ, ಅದು ಬೇರೆ ಕಥೆ.) ಅಲೆಯ ಸದ್ದಿಗೆ ಬೆಲ್ಲ ಅಷ್ಟೇನೂ ಹೆದರಲಿಲ್ಲ. ಬಂದ ನೊರೆ ಹಿಂದಕ್ಕೆ ಜಾರಿದಾಗ ಮಾತ್ರ ನೆಲವೇ ಸರಿದುಹೋಗ್ತಿದೆ ಅನ್ನಿಸಿ ಅಡ್ಡಡ್ಡ ಓಡೋಕೆ ಶುರುಮಾಡಿತು. ಜೊತೆಗೆ ಕರ್ಕೊಂಡು ಹೋಗಿದ್ದ 20 ವರ್ಷದ ಮುದಿ ಕುದುರೆ ಕಲ್ಲಿನ ಹಾಗೆ ನಿಂತಿತ್ತು. ಬೆಲ್ಲ ಹೋಗಿ ಅದರ ಪಕ್ಕಕ್ಕೆ ಅಂಟಿಕೊಳ್ತು.

ಹೀಗೆ ಐದು ತಿಂಗಳಾದ ಮೇಲೆ ಮೊದಲ ಶೋ, ಲಾಸ್ ಏಂಜಲಿಸ್ ಕಡೆ. ರಿಜಿಸ್ಟರ್ ಇಲ್ಲದ ಸಣ್ಣ ಪಂದ್ಯ, ಬರೀ ನಡಿಗೆ ಮತ್ತು ಟ್ರಾಟ್. ಸುತ್ತ ಅಕ್ಷರದ ಹಲಗೆ ನೆಟ್ಟ ಅಂಕಣದಲ್ಲಿ ಹೇಳಿದ ಅಕ್ಷರದ ಹತ್ತಿರ ತಿರುಗಬೇಕು, ನಿಲ್ಲಬೇಕು, ಅಷ್ಟೇ. ಬೆಳಗಿನ ಜಾವ ನಾಲ್ಕಕ್ಕೆ ಹೊರಟ್ವಿ. ಟ್ರೈಲರ್ ಎಳೆಯೋ ಗಾಡಿಗೆ ಈ ರಾಜ್ಯದಲ್ಲಿ 55 ಮೈಲಿ ಮಿತಿ, ಫ್ರೀವೇನಲ್ಲಿ ಎಲ್ಲರೂ ನಮ್ಮನ್ನ ಬೈಕೊಂಡೇ ಮುಂದೆ ಹೋದರು. ಅಲ್ಲಿ ಇಳಿಸಿದ್ರೆ ಬೆಲ್ಲ ಬೆವರಿ ಒದ್ದೆಮುದ್ದೆ. ಧ್ವನಿವರ್ಧಕ, ಗಾಳಿಗೆ ಪಟಪಟ ಅನ್ನೋ ಶಾಮಿಯಾನ, ಗಾಲ್ಫ್ ಕಾರ್ಟು, ತಳ್ಳುಗಾಡಿಯಲ್ಲಿ ಮಗು! ಬಾಲಕ್ಕೆ ಹಸಿರು ರಿಬ್ಬನ್ ಕಟ್ಟಿದ್ವಿ. 'ಇದು ಹೊಸದು, ದೂರ ಇರಿ' ಅಂತ ಅದರ ಅರ್ಥ, ನಮ್ಮ ಕಡೆ ಕಾರಿಗೆ ಎಲ್ ಬೋರ್ಡ್ ಹಾಕ್ತಾರಲ್ಲ, ಹಾಗೆ.

ಟ್ರೈನರಮ್ಮ ಅರ್ಧ ಗಂಟೆ ನೋಡಿ ಹೇಳಿದ್ದು, "ಇವತ್ತು ಸ್ಪರ್ಧೆ ಬೇಡ. ಹಗ್ಗ ಹಿಡ್ಕೊಂಡು ಸುತ್ತಾಡಿಸು, ಹುಲ್ಲು ತಿನ್ನಿಸು, ಮನೆಗೆ ಹೋಗೋಣ."

ಮಗಳು ಗೊಳೋ ಅಂತ ಅತ್ತಳು. "ಅಪ್ಪಾ, ನಾಲ್ಕು ನಿಮಿಷದ ಟೆಸ್ಟು, ನಾನು ಮಾಡಿಸ್ತೀನಿ, ನೀವು ಹೇಳಿ" ಅಂತ ನನ್ನ ಕೈ ಜಗ್ಗಿದಳು. ಕಟ್ಟಿದ ಫೀಸಂತೂ ವಾಪಸ್ ಬರಲ್ಲ. ನನ್ನಾಕೆ ನನ್ನ ಮುಖ ನೋಡಿದಳು, ನಾನು ಕುದುರೆಯ ಮುಖ ನೋಡಿದೆ. ಅಲ್ಲಿ ಮಾತಾಡೋ ಹಕ್ಕು ಇದ್ದದ್ದು ಟ್ರೈನರಮ್ಮನಿಗೆ ಮಾತ್ರ.

ಆಕೆ ಹಠ ಹಿಡಿದದ್ದಕ್ಕೆ ಕಾರಣ ಇದೆ. ಹೆದರಿದ ಕುದುರೆಯನ್ನ ಒತ್ತಾಯಿಸಿ ಒಳಗೆ ನುಗ್ಗಿಸಿದ್ರೆ, ಶೋ ಅಂದ್ರೆ ಭಯ ಅಂತ ಅದು ಜನ್ಮಪೂರ್ತಿ ನೆನಪಿಟ್ಟುಕೊಳ್ಳುತ್ತೆ. ಆಮೇಲೆ ಒಂದು ದಿನ ಯಾರನ್ನೋ ಕೆಡವುತ್ತೆ. 'ಅಪಾಯದ ಕುದುರೆ' ಅಂತ ಹೆಸರು ಬಿತ್ತು ಅಂದ್ರೆ ಕೈಯಿಂದ ಕೈಗೆ, ಹರಾಜಿನಿಂದ ಹರಾಜಿಗೆ. ಕುದುರೆಯನ್ನ ಮಾಂಸಕ್ಕಾಗಿ ಮಾರೋದು ಕ್ಯಾಲಿಫೋರ್ನಿಯಾದಲ್ಲಿ 1998ರ ಜನಮತದಿಂದ ಅಪರಾಧ. ಅಮೆರಿಕದ ಕೊನೆಯ ಕುದುರೆ ಕಸಾಯಿಖಾನೆಗಳು 2007ರಲ್ಲಿ ಮುಚ್ಚಿದವು. ಆದ್ರೆ ಲಾರಿ ತುಂಬಿಸಿ ಮೆಕ್ಸಿಕೋ, ಕೆನಡಾ ಕಡೆ ಸಾಗಿಸೋದು ಆಮೇಲೂ ನಿಲ್ಲಲಿಲ್ಲ. ರೇಸಿನಿಂದ ಬಿಟ್ಟ ಕುದುರೆಗೆ ಎರಡನೇ ಕೆಲಸ ಕಲಿಯೋದು ಅಂದ್ರೆ ಜೀವ ಉಳಿಸಿಕೊಳ್ಳೋ ವಿದ್ಯೆಯೇ.

ವಾಪಸ್ ಬರೋ ದಾರಿಯಲ್ಲಿ ಮಗಳ ಸಿಟ್ಟು ಇಳಿಸೋಕೆ ಆಕೆ ಹೇಳಿದ ಕಥೆ ಟಚ್ ಆಫ್ ಕ್ಲಾಸ್‌ದು. 1973ರಲ್ಲಿ ಹುಟ್ಟಿದ ಹೆಣ್ಣು ಕುದುರೆ. ರೇಸಿನಲ್ಲಿ ಓಡಿ ಏನೂ ಗಿಟ್ಟಲಿಲ್ಲ. ಜಿಗಿತಕ್ಕೆ ಹಾಕಿದ್ರು. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸಿನಲ್ಲಿ, ಅದೂ ಸ್ಯಾಂಟಾ ಅನೀಟಾ ರೇಸ್ ಕೋರ್ಸಿನಲ್ಲೇ, ಜೋ ಫಾರ್ಗಿಸ್ ಅದರ ಮೇಲೆ ಕೂತು ಎರಡು ಚಿನ್ನ ಗೆದ್ದರು. 91 ಜಿಗಿತದಲ್ಲಿ 90 ಸ್ವಚ್ಛ. ಆಗ ಅದಕ್ಕೆ 11 ವರ್ಷ. ಅದೇ ಒಲಿಂಪಿಕ್ಸಿನ ಈವೆಂಟಿಂಗ್‌ನ ಕ್ರಾಸ್ ಕಂಟ್ರಿ ಓಟ ನಡೆದದ್ದು ನಮ್ಮ ಸ್ಯಾನ್ ಡಿಯಾಗೋ ಕಡೆಯ ಫೇರ್‌ಬ್ಯಾಂಕ್ಸ್ ರ‍್ಯಾಂಚಿನಲ್ಲಿ. ಕುದುರೆಗಳನ್ನ ನೂರು ಮೈಲಿ ಆಸುಪಾಸು ಟ್ರೈಲರಿನಲ್ಲೇ ಕರೆತಂದಿದ್ದರು.

ನಾನೂ ನಮ್ಮ ಬೆಂಗಳೂರಿನ ಕಥೆ ಸೇರಿಸಿದೆ. ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದದ್ದು, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾಗಿ ಮುಗಿಸಿದ್ದು, ಎರಡೂ ಸೆನ್ಯೋರ್ ಮೆಡಿಕಾಟ್ ಅನ್ನೋ ಒಂದೇ ಕುದುರೆ ಮೇಲೆ. ಟೋಕಿಯೋದಲ್ಲಿ ಅದಕ್ಕೆ 15 ವರ್ಷ!

ಲೆಕ್ಕ ಹಾಕಿ ನೋಡಿ. ರೇಸಿನವರು ಎರಡು ವರ್ಷಕ್ಕೇ ಓಡಿಸ್ತಾರೆ, ಕೆಂಟಕಿ ಡರ್ಬಿ ಮೂರು ವರ್ಷದ್ದಕ್ಕೆ ಮಾತ್ರ. ಬೆನ್ನುಮೂಳೆ ಪೂರ್ತಿ ಬಲಿಯೋದು ಐದಾರು ವರ್ಷಕ್ಕೆ. ಒಲಿಂಪಿಕ್ಸಿನ ಈವೆಂಟಿಂಗ್‌ಗೆ ಕನಿಷ್ಠ 8 ವರ್ಷ ಆಗಿರಬೇಕು. 2028ರ ಕುದುರೆ ಪಂದ್ಯಗಳೂ ಸ್ಯಾಂಟಾ ಅನೀಟಾದಲ್ಲೇ ಅಂತ ನಿಗದಿಯಾಗಿದೆ. 2021ರಲ್ಲಿ ಹುಟ್ಟಿದ ಕುದುರೆ ಎಷ್ಟೇ ಜಾಣ ಆಗಿದ್ರೂ ಅದಕ್ಕೆ ಅಲ್ಲಿ ಪ್ರವೇಶ ಇಲ್ಲ. ಕ್ಯಾಲೆಂಡರ್ ಕುದುರೆಯ ಪರ ಇರೋ ಕೆಲವೇ ನಿಯಮಗಳಲ್ಲಿ ಇದೂ ಒಂದು ಅಂತ ನನಗೆ ಅನ್ನಿಸುತ್ತೆ.

ಆಮೇಲೆ ಎರಡು ಸಲ ಬೇರೆ ಬೇರೆ ಮೈದಾನಕ್ಕೆ ಸುಮ್ಮನೆ ಕರ್ಕೊಂಡು ಹೋಗಿ ಬಂದ್ವಿ. ಎರಡನೇ ಸಲ ಬೆಲ್ಲ ಧ್ವನಿವರ್ಧಕದ ಕಂಬದ ಕೆಳಗೇ ನಿಂತು ಒಂದು ಕಾಲು ಸಡಿಲ ಬಿಟ್ಟು ತೂಕಡಿಸ್ತು. ಟ್ರೈನರಮ್ಮ ಏನೂ ಹೇಳಲಿಲ್ಲ, ಸಂಜೆ ಅರ್ಜಿ ಫಾರಂ ಕಳಿಸಿದ್ರು. ಮುಂದಿನ ತಿಂಗಳು ಮೊದಲ ಭಾನುವಾರ, ನಡಿಗೆ ಮತ್ತು ಟ್ರಾಟ್. ಕುದುರೆಯ ಹೆಸರು ಅನ್ನೋ ಕಡೆ ಮಗಳು ಎಚ್ಚರಿಕೆಯಿಂದ 'ಬೆಲ್ಲ' ಅಂತ ಬರೆದು, ಪಕ್ಕದಲ್ಲಿ 'ಗಂಡು' ಅಂತ ಎರಡು ಗೆರೆ ಎಳೆದಿದ್ದಾಳೆ.