ಮಗಳು ನಿಜ ಹೇಳುವುದು ಯಾರ ಹತ್ತಿರ?



ಮಳೆಗಾಲದಲ್ಲಿ ನಮ್ಮ ಸುಂಟಿಕೊಪ್ಪದ ಕಡೆ ಕರೆಂಟು ಹೋದರೆ ಎರಡು ದಿನ ಬಾರದಿದ್ದರೂ ಯಾರಿಗೂ ಆಶ್ಚರ್ಯವಿಲ್ಲ. ಕಳೆದ ವರ್ಷದ ಕಕ್ಕಡ ತಿಂಗಳಲ್ಲೂ ಹಾಗೇ ಆಯಿತು. ಶಾಲೆಗೆ ಮಳೆ ರಜೆ, ಟೀವಿ ಇಲ್ಲ, ಮೊಬೈಲಿಗೆ ಚಾರ್ಜಿಲ್ಲ. ಹತ್ತನೇ ತರಗತಿಯಲ್ಲಿದ್ದ ನನ್ನ ಮಗಳು ಮುಖ ಗಂಟಿಕ್ಕಿಕೊಂಡು ಅಡಿಗೆಮನೆಗೆ ಬಂದು ಒಲೆಯ ಹತ್ತಿರ ಕೂತಳು. ಅವಳು ನನ್ನೊಡನೆ ಸರಿಯಾಗಿ ಮಾತಾಡಿ ತಿಂಗಳಾಗಿತ್ತು. ಏನು ಕೇಳಿದರೂ ‘ಹೂಂ’, ಇಲ್ಲವೇ ‘ಉಹೂಂ’. ಈ ವಯಸ್ಸಿನ ಹೆಣ್ಣುಮಕ್ಕಳಿರುವ ಮನೆಯ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ಲವೇ?

ಒದ್ದೆಯಾಗಿದ್ದ ಅವಳ ಪುಸ್ತಕಗಳನ್ನು ಒಲೆಯ ಪಕ್ಕದಲ್ಲಿ ಒಣಗಿಸುವಾಗ ಒಂದು ಹಾಳೆ ಕೆಳಗೆ ಬಿತ್ತು. ಅವಳ ಕನ್ನಡ ಟೀಚರ್ ಬರೆದುಕೊಟ್ಟಿದ್ದ ಪಟ್ಟಿ. ಮೇಲೆ ‘ಪದ್ಯದಲ್ಲಿ ಕಥೆ ಹೇಳುವ ಪುಸ್ತಕಗಳು’ ಎಂದಿತ್ತು. ಪದ್ಯವೆಂದರೆ ಕಂಠಪಾಠ, ಭಾವಾರ್ಥ, ನಾಲ್ಕು ಅಂಕ ಎಂದು ತಿಳಿದು ಎಸ್ಸೆಸ್ಸೆಲ್ಸಿ ಮುಗಿಸಿದವಳು ನಾನು. ಆದರೂ ಪ್ರತಿ ಹೆಸರಿನ ಮುಂದೆ ಟೀಚರ್ ಬರೆದಿದ್ದ ಎರಡು ಮಾತು ಓದಿ ಕುತೂಹಲವಾಯಿತು.

ಮೊದಲನೆಯದು ನಮಗೆಲ್ಲ ಗೊತ್ತಿರುವ ‘ಗೋವಿನ ಹಾಡು’. ‘ಚಿಕ್ಕವರ ಹಾಡೆಂದು ಬಿಡಬೇಡಿ. ಮಾತು ಕೊಟ್ಟು ಹುಲಿಯ ಬಾಯಿಗೆ ಮರಳಿ ಹೋಗುವ ಪುಣ್ಯಕೋಟಿಯ ಕಷ್ಟ ದೊಡ್ಡವರಾದ ಮೇಲೇ ತಿಳಿಯುವುದು’ ಎಂದಿತ್ತು. ಎರಡನೆಯದು ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’. ಇಂಗ್ಲಿಷ್ ಕವಿ ಬ್ರೌನಿಂಗನ ಕಥೆ ಅದು. ಆದರೆ ಓದುವಾಗ ಇಲಿಗಳೂ ನಮ್ಮವೇ, ಊರೂ ನಮ್ಮದೇ. ಮೂರನೆಯದು ಕನಕದಾಸರ ‘ರಾಮಧಾನ್ಯ ಚರಿತ್ರೆ’. ಭತ್ತಕ್ಕೂ ರಾಗಿಗೂ ನಾನು ಹೆಚ್ಚು, ನೀನು ಕಡಿಮೆ ಎಂದು ಜಗಳ ಬಂದು, ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಕೊನೆಗೆ ಸೊರಗದೆ ಉಳಿಯುವುದು ಬಡವರ ರಾಗಿ! ನಮ್ಮ ಡಬ್ಬಿಯೊಳಗಿನ ರಾಗಿಗೆ ಇಷ್ಟು ದೊಡ್ಡ ಕಾವ್ಯವಿದೆಯೆಂದು ನನಗೆ ತಿಳಿದದ್ದೇ ಆಗ.

ನಮ್ಮ ಜಿಲ್ಲೆಯ ‘ಪಟ್ಟೋಲೆ ಪಳಮೆ’ಯೂ ಇತ್ತು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ ಪುಸ್ತಕ. ‘ಓದುವ ಮೊದಲು ದುಡಿ ಕೊಟ್ಟು ಹಾಡುವ ಹಿರಿಯರ ಬಾಯಲ್ಲಿ ಕೇಳಿ’ ಎಂದು ಟೀಚರ್ ಸೂಚಿಸಿದ್ದರು.

ಇಂಗ್ಲಿಷ್ ಪುಸ್ತಕವೂ ಒಂದಿತ್ತು. ಹೊರದೇಶಗಳಲ್ಲಿ ಈಗ ಹದಿವಯಸ್ಸಿನ ಮಕ್ಕಳಿಗಾಗಿಯೇ ಪದ್ಯದಲ್ಲಿ ಕಾದಂಬರಿ ಬರೆಯುತ್ತಾರಂತೆ. ಪದ್ಮಾ ವೆಂಕಟರಾಮನ್ ಅವರ ‘ಎ ಟೈಮ್ ಟು ಡಾನ್ಸ್’ ಅಂಥದು, 2014ರಲ್ಲಿ ಬಂದದ್ದು. ಭರತನಾಟ್ಯವೇ ಉಸಿರಾಗಿದ್ದ ಚೆನ್ನೈಯ ವೇದಾ ಎಂಬ ಹುಡುಗಿ ಅಪಘಾತದಲ್ಲಿ ಮೊಣಕಾಲ ಕೆಳಗೆ ಒಂದು ಕಾಲು ಕಳೆದುಕೊಂಡು, ಕೃತಕ ಕಾಲಿನಲ್ಲಿ ಮತ್ತೆ ಹೆಜ್ಜೆ ಹಾಕಲು ಕಲಿಯುವ ಕಥೆ. ‘ದಪ್ಪ ಪುಸ್ತಕ ಕಂಡರೆ ಹೆದರುವವರಿಗೆ ಇದು ಒಳ್ಳೆಯದು. ಪುಟದಲ್ಲಿ ಅಕ್ಷರ ಕಡಿಮೆ, ಜಾಗ ಹೆಚ್ಚು. ಆ ಜಾಗ ನಿಮ್ಮ ಯೋಚನೆಗೆ’ ಎಂದು ಟೀಚರ್ ಬರೆದ ಮಾತು ನನಗೆ ಬಹಳ ಹಿಡಿಸಿತು.

ಪಟ್ಟಿಯ ಕೊನೆಯಲ್ಲಿ ಇದ್ದದ್ದು ‘ಕೆರೆಗೆ ಹಾರ’. ಅದರ ಜೆರಾಕ್ಸ್ ಪ್ರತಿಯೂ ಜೊತೆಗಿತ್ತು. ಲಾಟೀನು ಹತ್ತಿರಕ್ಕೆ ಎಳೆದುಕೊಂಡು ನಾನೇ ಗಟ್ಟಿಯಾಗಿ ಓದಲು ಶುರುಮಾಡಿದೆ. ಮೊದಮೊದಲು ನನ್ನ ದನಿ ನನಗೇ ನಾಚಿಕೆ. ಮಗಳು ನಕ್ಕಳು. ಆಮೇಲೆ ನಗು ನಿಂತಿತು.

ಕಥೆ ನಿಮಗೂ ಗೊತ್ತಿರಬಹುದು. ಗೌಡ ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಸೊಸೆಯೊಬ್ಬಳನ್ನು ಬಲಿ ಕೊಡಬೇಕೆಂದು ಶಾಸ್ತ್ರ ಬಂತು. ಹಿರಿಯರು ಕಿರಿಸೊಸೆ ಭಾಗೀರಥಿಯನ್ನು ಆರಿಸಿದರು. ಅವಳು ತವರಿಗೆ ಹೋಗುತ್ತಾಳೆ. ಕಣ್ಣೀರೇಕೆಂದು ಕೇಳಿದ ಅಪ್ಪ ಅಮ್ಮನಿಗೆ, ಮನೆ ಬೇರೆಯಾಗುತ್ತಿದೆ ಎಂದು ಏನೋ ನೆಪ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯೊಬ್ಬಳ ಹತ್ತಿರ. ತಿರುಗಿ ಬಂದು ಕೆರೆಗೆ ಹಾರವಾಗುತ್ತಾಳೆ.

ಓದಿ ಮುಗಿಸಿದಾಗ ಹೊರಗೆ ಮಳೆಯ ಸದ್ದು ಬಿಟ್ಟರೆ ಬೇರೇನಿಲ್ಲ. ಶಾಲೆಯಲ್ಲಿ ನಮಗೆ ಕಲಿಸಿದ್ದ ತ್ಯಾಗದ ಪಾಠವನ್ನು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಕೇಳಿದಳು:

“ಅಮ್ಮಾ, ಅವಳನ್ನ ಒಬ್ಬರಾದರೂ ಒಂದು ಮಾತು ಕೇಳಿದ್ರಾ?”

“ಇಲ್ಲ ಕಣೇ.”

“ನನ್ನನ್ನೂ ಕೇಳಲಿಲ್ಲ.”

ಆಗ ಹೊರಬಂತು ನೋಡಿ. ಹತ್ತನೆಯದಾದ ಮೇಲೆ ಅವಳನ್ನು ಮಂಗಳೂರಿನ ಹಾಸ್ಟೆಲಿನಲ್ಲಿಟ್ಟು ಪಿಯುಸಿಗೆ ವಿಜ್ಞಾನ ಓದಿಸುವುದೆಂದು ನಮ್ಮ ಯಜಮಾನರು, ಭಾವನವರು, ನಾನು ಎಲ್ಲ ಕೂತು ತೀರ್ಮಾನಿಸಿ ಆಗಿತ್ತು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಕಾಫಿ ತಂದಿಟ್ಟು ಹೋದ ಹುಡುಗಿಯನ್ನು ಕೂರಿಸಿಕೊಂಡು ‘ನಿನಗೇನನ್ನಿಸುತ್ತೆ?’ ಎಂದು ಕೇಳುವುದು ಒಬ್ಬರಿಗೂ ಹೊಳೆದಿರಲಿಲ್ಲ. ರಾತ್ರಿಯೆಲ್ಲ ಅವಳು ನಿದ್ದೆಗೆಟ್ಟದ್ದು, ಗೆಳತಿಯ ಹತ್ತಿರ ಅತ್ತದ್ದು ನನಗೆ ಗೊತ್ತೇ ಇಲ್ಲ! ಭಾಗೀರಥಿಯ ತಾಯಿಗಿಂತ ನಾನು ಯಾವುದರಲ್ಲಿ ಹೆಚ್ಚು, ಹೇಳಿ?

ಮಾರನೆಯ ದಿನ ಯಜಮಾನರ ಮುಂದೆ ವಿಷಯ ಇಟ್ಟೆ. ಮೊದಲು ರೇಗಿದರು, ಆಮೇಲೆ ಮಗಳನ್ನು ಕರೆದು ಕೇಳಿದರು. ಆಶ್ಚರ್ಯವೆಂದರೆ ಅವಳು ವಿಜ್ಞಾನವನ್ನು ಬೇಡವೆನ್ನಲಿಲ್ಲ. “ಹಾಸ್ಟೆಲ್ ಬೇಡ ಅಪ್ಪ, ಮಡಿಕೇರಿಗೆ ಬಸ್ಸಿನಲ್ಲಿ ಹೋಗಿಬರ್ತೀನಿ” ಅಂದಳು, ಅಷ್ಟೇ. ಈಗ ಹಾಗೇ ನಡೆದಿದೆ.

ನಿಮ್ಮ ಮನೆಯಲ್ಲೂ ಪ್ರಯತ್ನಿಸಿ. ದಿನಕ್ಕೆ ಹತ್ತು ನಿಮಿಷ ಸಾಕು. ಒಂದು ದಿನ ನೀವು, ಒಂದು ದಿನ ಮಗು ಗಟ್ಟಿಯಾಗಿ ಓದಿ. ಗೊತ್ತಿಲ್ಲದ ಪದ ಬಂದರೆ ನಿಲ್ಲದೆ ಮುಂದೆ ಹೋಗಿ. ಕಥೆಯ ಜಾಡು ತಪ್ಪದು. ‘ರಾಮಧಾನ್ಯ ಚರಿತ್ರೆ’ಯಂಥ ಹಳೆಯ ಕಾವ್ಯಕ್ಕೆ ಗದ್ಯಾನುವಾದವಿರುವ ಪ್ರತಿಯನ್ನೇ ತನ್ನಿ. ಪಟ್ಟಿಯ ಕೆಳಗೆ ಟೀಚರ್ ಕೆಂಪು ಶಾಯಿಯಲ್ಲಿ ಬರೆದಿದ್ದ ಮಾತನ್ನಂತೂ ಮರೆಯಬೇಡಿ: ‘ಓದಿದ ಮೇಲೆ ನೀತಿ ಏನೆಂದು ಕೇಳಬೇಡಿ. ಸ್ವಲ್ಪ ಹೊತ್ತು ಸುಮ್ಮನಿರಿ.’

ನಾನು ಅಂದು ತ್ಯಾಗದ ಪಾಠ ಶುರುಮಾಡಿಬಿಟ್ಟಿದ್ದರೆ ಅವಳ ಬಾಯಿ ಮತ್ತೆ ಮುಚ್ಚುತ್ತಿತ್ತು. ಸದ್ಯ, ಒಲೆಯ ಮೇಲಿನ ಹಾಲು ಉಕ್ಕಿ ನನ್ನ ಮಾತು ಅಲ್ಲಿಗೇ ನಿಂತಿತು!