ಮಗ್ಗದ ಮನೆಯಿಂದ ಕಚೇರಿಗೆ

ಶ್ರೀಮಠಗಳ ಆಶ್ರಯದಲ್ಲಿ ನಡೆಯುವ ವಿದ್ಯಾಸಂಸ್ಥೆಗಳ ಸಮಾರಂಭಗಳಲ್ಲಿ ಕಾಯಕ ತತ್ತ್ವದ ಪ್ರಸ್ತಾಪವಿಲ್ಲದ ಭಾಷಣ ಅಪರೂಪ. ಆದರೆ ಅದೇ ವೇದಿಕೆಯ ಮೇಲೆ ಶಾಲು ಹೊದಿಸಿಕೊಳ್ಳುವವರು ಯಾರು? ತಹಶೀಲದಾರರು, ಇಂಜಿನಿಯರರು, ಪ್ರಾಧ್ಯಾಪಕರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹಗಲು ಅಥವಾ ಇರುಳು ಕೈಯಿಂದ ದುಡಿಯುತ್ತ, ಉಳಿದ ಹೊತ್ತಿನಲ್ಲಿ ಪದವಿಯ ಓದನ್ನು ಮುಗಿಸಿ, ಒಂದು ಸಣ್ಣ ಕಚೇರಿಯ ಗುಮಾಸ್ತನಾಗಿ ಸೇರುವ ತರುಣನು ಈ ಎರಡರ ನಡುವೆ ಎಲ್ಲಿಯೂ ಕಾಣಿಸುವುದಿಲ್ಲ. ದಾನಿಗಳ ಕಣ್ಣಿಗೂ ಬೀಳುವುದಿಲ್ಲ.

ರಬಕವಿ-ಬನಹಟ್ಟಿಯಂತಹ ನೇಕಾರರ ಊರುಗಳನ್ನೇ ನೋಡಬಹುದು. ವಿದ್ಯುತ್ ಮಗ್ಗದಲ್ಲಿ ದುಡಿಯುವವನಿಗೆ ನೆಯ್ದ ಬಟ್ಟೆಯ ಲೆಕ್ಕದ ಮೇಲೆ ಮಜೂರಿ. ಮಗ್ಗ ನಿಂತರೆ ಮಜೂರಿಯೂ ನಿಂತಿತು. ಕಾಲೇಜಾದರೋ ನೂರಕ್ಕೆ ಎಪ್ಪತ್ತೈದರ ಹಾಜರಿಯನ್ನು ಕೇಳುತ್ತದೆ. ರಾತ್ರಿಪಾಳಿ ಮುಗಿಸಿ ಬಂದವನು ಬೆಳಗಿನ ತರಗತಿಯಲ್ಲಿ ತೂಕಡಿಸಿದರೆ ಅದನ್ನು ಅನಾಸಕ್ತಿಯೆಂದು ಬಗೆಯುವ ಅಧ್ಯಾಪಕರೂ ಉಂಟು. ಮೈಸೂರು ವಿಶ್ವವಿದ್ಯಾನಿಲಯವು 1969ರಲ್ಲಿ ತೆರೆದ ಅಂಚೆ ಶಿಕ್ಷಣ ಸಂಸ್ಥೆಯೂ, ಅದರಿಂದ ರೂಪುಗೊಂಡು 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ ಇಂಥವರಿಗೆ ಬಾಗಿಲು ತೆರೆದವೆಂಬುದು ನಿಜ. ಆದರೂ ಪರೀಕ್ಷೆಯ ದಿನಗಳಲ್ಲಿ ಮಗ್ಗ ಬಿಡಲೇಬೇಕು. ಶುಲ್ಕ ತೆರಬೇಕಾದ ಹೊತ್ತಿನಲ್ಲಿಯೇ ಗಳಿಕೆ ನಿಲ್ಲುತ್ತದೆ.

ಇದಕ್ಕಿಂತ ಬಿಕ್ಕಟ್ಟಿನ ಗಳಿಗೆ ಇನ್ನೊಂದಿದೆ. ನೌಕರಿಯ ಆದೇಶ ಕೈಗೆ ಬಂದಾಗ ಮನೆಯವರೆಲ್ಲ ಕಷ್ಟ ತೀರಿತೆಂದು ಭಾವಿಸುತ್ತಾರೆ. ಮಗ್ಗದ ಮಾಲೀಕನಿಂದ ಮುಂಗಡ ಪಡೆದಿದ್ದವನು ಅದನ್ನು ತೀರಿಸದೆ ಹೊರಬೀಳುವಂತಿಲ್ಲ. ವಾರವಾರಕ್ಕೆ ಬಟವಡೆಯಾಗುತ್ತಿದ್ದ ಮನೆಗೆ ಇನ್ನು ತಿಂಗಳ ಸಂಬಳ. ಅದೂ ಹೊಸಬನಿಗೆ ಮೊದಲ ತಿಂಗಳ ಕೊನೆಗೇ ಬರುತ್ತದೆಂಬ ಭರವಸೆಯಿಲ್ಲ. ಬೇರೆ ಊರಾದರೆ ಕೋಣೆಯ ಬಾಡಿಗೆ, ಊಟ, ತೊಡಲು ಎರಡು ಜೊತೆ ಬಟ್ಟೆ. ಈ ಒಂದೆರಡು ತಿಂಗಳನ್ನು ದಾಟಲಾರದೆ, ಇಲ್ಲವೆ ಕೊನೆಯ ವರ್ಷದ ಪರೀಕ್ಷೆಗೆ ಕೂಡಲಾರದೆ, ಹಿಂದಿರುಗುವ ತರುಣರುಂಟು. ಪ್ರಥಮ ದರ್ಜೆ ಸಹಾಯಕನ ಹುದ್ದೆಗೆ ಪದವಿ ಬೇಕು. ಒಂದು ವಿಷಯ ಉಳಿದರೂ ಆ ಬಾಗಿಲು ಮುಚ್ಚಿದಂತೆಯೇ.

ಮೊದಲ ಸ್ಥಾನ ಪಡೆದವರಿಗೆ ಚಿನ್ನದ ಪದಕವನ್ನಿಡುವ ದಾನಿಗಳ ಔದಾರ್ಯ ದೊಡ್ಡದು. ಆದರೆ ಪದಕ ಪಡೆಯುವವನು ಪದಕವಿಲ್ಲದೆಯೂ ಮುಂದೆ ಹೋಗುತ್ತಾನೆ. ಶಿರಸಂಗಿ ಲಿಂಗರಾಜ ದೇಸಾಯಿಯವರು ತಮ್ಮ ಸಂಸ್ಥಾನದ ಆಸ್ತಿಯನ್ನೇ ವಿದ್ಯಾರ್ಥಿಗಳಿಗಾಗಿ ಬರೆದಿಟ್ಟರು. ಎಲ್ಲರೂ ಅಷ್ಟು ಮಾಡಬೇಕಿಲ್ಲ. ಎರಡು ತಿಂಗಳ ಮನೆಖರ್ಚು, ಪರೀಕ್ಷಾ ಶುಲ್ಕ, ಗಣಕಯಂತ್ರದ ತರಬೇತಿ, ಇಷ್ಟನ್ನು ಕೈಗಡವಾಗಿ ಕೊಟ್ಟು, ಸಂಬಳ ಬಂದ ಮೇಲೆ ತಿರುಗಿ ಪಡೆದು ಇನ್ನೊಬ್ಬನಿಗೆ ಕೊಡುವ ಒಂದು ಸಣ್ಣ ನಿಧಿ ಸಾಕು. ಅದನ್ನು ನಡೆಸಬೇಕಾದವರು ಹಳೆಯ ವಿದ್ಯಾರ್ಥಿಗಳೇ.

ಇಲ್ಲಿ ಒಂದು ಆಕ್ಷೇಪವನ್ನೂ ಎದುರಿಸಬೇಕು. ಕುಲಕಸುಬನ್ನು ಬಿಟ್ಟು ಕುರ್ಚಿಯನ್ನು ಬಯಸುವುದು ಕಾಯಕ ತತ್ತ್ವಕ್ಕೆ ದ್ರೋಹವೆಂದು ಕೆಲವು ಹಿರಿಯರು ನುಡಿಯುವುದುಂಟು. ತಮ್ಮ ಮಕ್ಕಳನ್ನು ಮಾತ್ರ ವೈದ್ಯಕೀಯ ಕಾಲೇಜಿಗೆ ಕಳಿಸಿರುತ್ತಾರೆ. ಕಾಯಕವು ಹುಟ್ಟಿನಿಂದ ಅಂಟಿಕೊಳ್ಳುವ ಕಟ್ಟಲ್ಲ. ಪರಂಪರೆಯು ಹೇಳುವಂತೆ ಬಸವಣ್ಣನವರೇ ಬಿಜ್ಜಳನ ಆಡಳಿತದಲ್ಲಿ ಕರಣಿಕರಾಗಿ, ಮುಂದೆ ಭಂಡಾರಿಯಾಗಿ ಲೆಕ್ಕಪತ್ರ ನೋಡಿದವರು. ಹೆಚ್ಚು ಅಕ್ಕಿ ತಂದ ಗಂಡನನ್ನು ಹಿಂದಿರುಗಿಸಿ ಬಾ ಎಂದು ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಅಳತೆಗೋಲು ಅಂಗಳಕ್ಕೆ ಸಲ್ಲುವಂತೆಯೇ ಕಚೇರಿಯ ಮೇಜಿಗೂ ಸಲ್ಲುತ್ತದೆ. ಲಂಚದ ಹಣವು ಆ ಹೆಚ್ಚಿನ ಅಕ್ಕಿಗಿಂತ ಬೇರೆಯಲ್ಲ.

ಶೋಚನೀಯವಾದುದು ಬೇರೊಂದಿದೆ. ಆವಕ-ಜಾವಕದ ವಹಿ ಹಿಡಿದ ಮೇಲೆ ಆ ತರುಣನು ತನ್ನ ಮಗ್ಗದ ವರ್ಷಗಳನ್ನು ಮರೆಮಾಚುತ್ತಾನೆ. ಅರ್ಜಿಯಲ್ಲಿ ಅದಕ್ಕೊಂದು ಅಂಕಣವಿಲ್ಲ. ಸಹೋದ್ಯೋಗಿಗಳು ನಕ್ಕಾರೆಂಬ ಅಳುಕು ಬೇರೆ. ಎಳೆ ಕಡಿದಲ್ಲಿಯೇ ಮಗ್ಗ ನಿಲ್ಲಿಸಿ ಗಂಟು ಹಾಕುವ ಎಚ್ಚರ ಕಡತ ನೋಡುವವನಿಗೂ ಬೇಕಾದುದೇ. ಅದನ್ನು ಆತನಿಗೆ ಯಾರೂ ಹೇಳಿಲ್ಲ. ಸಂಸ್ಮರಣ ಸಂಪುಟಗಳಲ್ಲಿ ಹಳೆಯ ವಿದ್ಯಾರ್ಥಿಗಳ ಹೆಸರು, ಪದವಿ, ಹುದ್ದೆಗಳನ್ನು ಅಚ್ಚು ಹಾಕುವಾಗ, ಓದುವ ಕಾಲದಲ್ಲಿ ಮಾಡಿದ ಕೆಲಸವೆಂಬ ಇನ್ನೊಂದು ಅಂಕಣವನ್ನು ಸೇರಿಸಲು ತಗಲುವ ವೆಚ್ಚ ಏನೂ ಇಲ್ಲ. ಹುದ್ದೆಯಲ್ಲಿ ದೊಡ್ಡವರಾದವರು ಮೊದಲು ಅದನ್ನು ತುಂಬಿದರೆ ಕಿರಿಯರೂ ತುಂಬಿಯಾರು.